ಪೆಟ್ಟಿಗೆಯ ಬೆನ್ನು ಮೊದಲು ನೋಡಿ: ಒಂದು ಬೇರ್‌ಬೋನ್ ಡೆಸ್ಕ್‌ಟಾಪ್‌ನ ಪರಿಶೀಲನೆ



ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ನನ್ನನ್ನು ಹೆಚ್ಚಾಗಿ ಕೇಳುತ್ತಿರುವ ಪ್ರಶ್ನೆ ಒಂದೇ: "ಹಳೆ ಕಂಪ್ಯೂಟರ್‌ನಾಗ ವಿಂಡೋಸ್ 11 ಕೂಡಂಗಿಲ್ಲ ಅಂತಾರ, ಮುಂದ ಏನ್ ತಗೋಬೇಕ್ರಿ?" ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಯೋಗಾಲಯದ ಯಂತ್ರಗಳನ್ನು ಬದಲಿಸುವ ಬಗ್ಗೆ ಆಡಳಿತ ಮಂಡಳಿಯವರು ಕೇಳುತ್ತಾರೆ. ಪಿಯುಸಿ ಮುಗಿಸಿ ಬಿಸಿಎ ಸೇರಬೇಕೆಂದಿರುವ ಮಕ್ಕಳ ತಂದೆ ತಾಯಿಯರೂ ಕೇಳುತ್ತಾರೆ. ನಿಪ್ಪಾಣಿಯ ಕಡೆ ಬೀಡಿ ಕಟ್ಟಿ ಕೂಡಿಸಿದ ಹಣವಿರಲಿ, ಕಾಗವಾಡದ ಕಡೆ ಕಬ್ಬಿನ ಬಿಲ್ಲಿನಲ್ಲಿ ಉಳಿದ ಹಣವಿರಲಿ, ಅದನ್ನು ಯಾವ ಪೆಟ್ಟಿಗೆಗೆ ಹಾಕಬೇಕೆಂದು ಹೇಳುವವರು ಸ್ವಲ್ಪ ಲೆಕ್ಕ ಹಾಕಿ ಹೇಳಬೇಕು.

ಈಚೆಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಕೆಲಸಕ್ಕೆಂದು ಕೊಂಡ ಚಿಕ್ಕ ಡೆಸ್ಕ್‌ಟಾಪ್ ಒಂದನ್ನು ತರಗತಿಗೆ ತಂದಿದ್ದ. ಅದನ್ನು ಕಂಡ ಕೂಡಲೇ ಹಿಂದಿನ ಬೆಂಚಿನಿಂದ ಬಂದ ಮಾತು: "ಸರ್, ಇಷ್ಟ ಸಣ್ಣ ಡಬ್ಬ್ಯಾಗ ಸಿಪಿಯು ಹೆಂಗ ಕುಂತೈತ್ರಿ?" ನಮ್ಮ ಕಡೆ ಇಡೀ ಕ್ಯಾಬಿನೆಟ್ಟನ್ನೇ ಸಿಪಿಯು ಎನ್ನುವ ರೂಢಿ ಇದೆ. ನಿಜವಾದ ಸಿಪಿಯು ಅಂಗೈಯೊಳಗೆ ಹಿಡಿಸುವ ಒಂದು ಚಿಪ್. ಕ್ಯಾಬಿನೆಟ್‌ನ ಉಳಿದ ಜಾಗವೆಲ್ಲ ಮದರ್‌ಬೋರ್ಡು, ಪವರ್ ಸಪ್ಲೈ, ಡಿಸ್ಕುಗಳು ಮತ್ತು ಗಾಳಿಗೆ ಸೇರಿದ್ದು. ಹಾಗಾಗಿ ಚಿಕ್ಕ ಡಬ್ಬಿಯಲ್ಲಿ ಸಿಪಿಯು ಹೇಗೆ ಕೂತಿತು ಎನ್ನುವುದಕ್ಕಿಂತ, ಅದು ಕೂರುವುದಕ್ಕಾಗಿ ಏನನ್ನು ಹೊರಗೆ ಹಾಕಿದರು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಆ ಯಂತ್ರ ತೈವಾನಿನ ಆಸ್‌ರಾಕ್ ಕಂಪನಿಯ ಡೆಸ್ಕ್‌ಮಿನಿ ಎಕ್ಸ್300. ಇದನ್ನು ಬೇರ್‌ಬೋನ್ ಎಂದು ಮಾರುತ್ತಾರೆ. ಚಕ್ಕಡಿ ಕೊಂಡಂತೆ: ಗಾಲಿ, ಅಚ್ಚು, ನೊಗ ಬರುತ್ತವೆ, ಎತ್ತು ನಾವೇ ತರಬೇಕು. ಪೆಟ್ಟಿಗೆಯ ಜೊತೆ ಬರುವುದು ಕವಚ, ಮದರ್‌ಬೋರ್ಡು ಮತ್ತು ಕರೆಂಟಿನ ಅಡಾಪ್ಟರ್. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಆಪರೇಟಿಂಗ್ ಸಿಸ್ಟಂ ಬೇರೆ. ಮಾನಿಟರ್, ಕೀಬೋರ್ಡ್, ಮೌಸ್ ಕೂಡ ಬೇರೆ. ಅಂಗಡಿಯ ಫಲಕದಲ್ಲಿ ಕಾಣುವ ಬೆಲೆ ಚಕ್ಕಡಿಯದ್ದು ಮಾತ್ರ ಎನ್ನುವುದನ್ನು ಮೊದಲೇ ತಿಳಿದಿರಬೇಕು.

ಇಂಥ ಪೆಟ್ಟಿಗೆಗಳು ಹೊಸವೇನಲ್ಲ. ತೈವಾನಿನದೇ ಷಟಲ್ ಕಂಪನಿ 2001ರ ಹೊತ್ತಿಗೆ ಘನಾಕೃತಿಯ ಚಿಕ್ಕ ಬೇರ್‌ಬೋನ್‌ಗಳನ್ನು ಜನಪ್ರಿಯಗೊಳಿಸಿತು. ಮುಂದೆ ಇಂಟೆಲ್ ತನ್ನ ನಕ್ ಎಂಬ ಅಂಗೈ ಅಗಲದ ಯಂತ್ರಗಳನ್ನು ತಂದಿತು, 2023ರಲ್ಲಿ ಆ ವ್ಯವಹಾರದಿಂದ ಹಿಂದೆ ಸರಿದು ಆಸುಸ್ ಕಂಪನಿಗೆ ವಹಿಸಿತು. ನಕ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಡೆಸ್ಕ್‌ಮಿನಿಯಲ್ಲಿ ಎಎಂಡಿಯ ಎಎಂ4 ಸಾಕೆಟ್ ಇದೆ, ಪ್ರೊಸೆಸರನ್ನು ಬಿಚ್ಚಿ ಬದಲಿಸಬಹುದು. ಪಾಠಕ್ಕೆ ಇದೇ ಒಳ್ಳೆಯ ಮಾದರಿ.

ಈಗ ಅಳತೆಗೆ ಬರೋಣ. ಪೆಟ್ಟಿಗೆ 155 ಮಿ.ಮೀ. ಉದ್ದ, 155 ಮಿ.ಮೀ. ಅಗಲ, 80 ಮಿ.ಮೀ. ದಪ್ಪ. ಗುಣಿಸಿ ನೋಡಿ, ಸುಮಾರು 1.92 ಲೀಟರ್. ಎರಡು ನೀರಿನ ಬಾಟಲಿಗಿಂತ ಕಡಿಮೆ ಗಾತ್ರ. ಒಳಗಿನ ಬೋರ್ಡು ಮಿನಿ-ಎಸ್‌ಟಿಎಕ್ಸ್ ಎಂಬ ಅಳತೆಯದ್ದು, 147 ಮಿ.ಮೀ.ಗೆ 140 ಮಿ.ಮೀ. ಹಿಂದಿನ ಪಠ್ಯಕ್ರಮದಲ್ಲಿ ದ್ವಿತೀಯ ಪಿಯುಸಿಯ ಮೊದಲ ಅಧ್ಯಾಯದಲ್ಲೇ ಎಟಿಎಕ್ಸ್ ಮದರ್‌ಬೋರ್ಡಿನ ಪಾಠವಿತ್ತು, ನಿಮ್ಮ ಅಣ್ಣ ಅಕ್ಕಂದಿರು ಓದಿದ್ದಾರೆ. ಇಂಟೆಲ್ 1995ರಲ್ಲಿ ತಂದ ಆ ಬೋರ್ಡಿನ ಅಳತೆ 305 ಮಿ.ಮೀ.ಗೆ 244 ಮಿ.ಮೀ. ಎರಡರ ವಿಸ್ತೀರ್ಣ ಲೆಕ್ಕ ಹಾಕಿದರೆ ಚಿಕ್ಕದು ದೊಡ್ಡದರ ಕಾಲು ಭಾಗಕ್ಕಿಂತ ತುಸು ಹೆಚ್ಚು ಅಷ್ಟೆ.

ಉಳಿದ ಮುಕ್ಕಾಲು ಭಾಗದ ಜೊತೆ ಹೋದದ್ದೇನು? ಮುಖ್ಯವಾಗಿ ವಿಸ್ತರಣಾ ಸ್ಲಾಟುಗಳು. ದೊಡ್ಡ ಕ್ಯಾಬಿನೆಟ್‌ನಲ್ಲಿ ನಾಳೆ ಏನಾದರೂ ಕಡಿಮೆ ಬಿದ್ದರೆ ಒಂದು ಕಾರ್ಡು ಚುಚ್ಚಿ ಪೋರ್ಟುಗಳನ್ನು ಹೆಚ್ಚಿಸಿಕೊಳ್ಳಬಹುದು. ಇಲ್ಲಿ ಆ ದಾರಿ ಇಲ್ಲ. ರ‍್ಯಾಮ್ ಬದಲಿಸಬಹುದು, ಡಿಸ್ಕ್ ಬದಲಿಸಬಹುದು, ಪ್ರೊಸೆಸರನ್ನೂ ಬದಲಿಸಬಹುದು. ಬೆನ್ನಿನ ಮೇಲಿನ ತೂತುಗಳನ್ನು ಬದಲಿಸಲು ಬರುವುದಿಲ್ಲ. ಆದ್ದರಿಂದಲೇ ಪ್ರೊಸೆಸರಿನ ಹೆಸರು ಕೇಳುವ ಮೊದಲು ಪೆಟ್ಟಿಗೆಯನ್ನು ತಿರುಗಿಸಿ ಬೆನ್ನು ನೋಡಿ ಎನ್ನುತ್ತೇನೆ.

ಎಕ್ಸ್300ರ ಬೆನ್ನಿನಲ್ಲಿ ಚಿತ್ರಕ್ಕೆ ಮೂರು ದಾರಿಗಳಿವೆ: ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಮತ್ತು ನೀಲಿ ಬಣ್ಣದ ಹಳೆಯ ವಿಜಿಎ. ಮೂರನೆಯದನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ವಿಜಿಎ 1987ರಲ್ಲಿ ಐಬಿಎಂ ತಂದದ್ದು. ಅದನ್ನು ಹಂತಹಂತವಾಗಿ ಕೈಬಿಡುತ್ತೇವೆಂದು 2010ರ ಡಿಸೆಂಬರ್‌ನಲ್ಲಿ ಇಂಟೆಲ್ ಮತ್ತು ಎಎಂಡಿ ಸೇರಿ ಹಲವು ದೊಡ್ಡ ಕಂಪನಿಗಳು ಘೋಷಿಸಿದ್ದವು. ಅವರು ಕೈಬಿಟ್ಟರೂ ನಮ್ಮ ಶಾಲೆ ಕಾಲೇಜುಗಳ ಮಾನಿಟರುಗಳು ಬಿಡಬೇಕಲ್ಲ! ಚೆನ್ನಾಗಿ ನಡೆಯುತ್ತಿರುವ ಮಾನಿಟರನ್ನು ತೂತು ಹೊಂದಲಿಲ್ಲ ಎಂದು ಗುಜರಿಗೆ ಹಾಕುವ ಸ್ಥಿತಿಯಲ್ಲಿ ನಾವಿಲ್ಲ. ಚಾವಣಿಗೆ ತೂಗುಹಾಕಿರುವ ಪ್ರೊಜೆಕ್ಟರಿಗೆ ಗೋಡೆಯೊಳಗಿಂದ ಎಳೆದಿರುವ ಕೇಬಲ್ ಕೂಡ ಬಹಳ ಕಡೆ ವಿಜಿಎಯೇ.

ವಿಜಿಎ ಇಲ್ಲದ ಚಿಕ್ಕ ಯಂತ್ರ ಕೊಂಡರೆ ಏನಾಗುತ್ತದೆ? ವಿಜಿಎಯಲ್ಲಿ ಹರಿಯುವುದು ಅನಲಾಗ್ ಸಂಕೇತ, ಎಚ್‌ಡಿಎಂಐಯಲ್ಲಿ ಡಿಜಿಟಲ್. ಬರೀ ತಂತಿ ಜೋಡಿಸಿದರೆ ಚಿತ್ರ ಬರುವುದಿಲ್ಲ, ನಡುವೆ ಸಂಕೇತವನ್ನು ಬದಲಿಸುವ ಚಿಪ್ ಇರುವ ಪರಿವರ್ತಕ ಬೇಕು. ಒಂದಕ್ಕೆ ಕೆಲವು ನೂರು ರೂಪಾಯಿ ಎಂದು ಸುಮ್ಮನಿರಬಹುದು. ಇಪ್ಪತ್ತು ಯಂತ್ರಗಳಿಗೆ ಇಪ್ಪತ್ತು ಪರಿವರ್ತಕ, ಅವುಗಳಲ್ಲಿ ಸಡಿಲಾಗುವವು, ಕೆಡುವವು, ಕಾಣೆಯಾಗುವವು ಎಂದು ಲೆಕ್ಕ ಬೆಳೆಯುತ್ತದೆ.

ಯುಎಸ್‌ಬಿಯ ವಿಚಾರದಲ್ಲಿ ಈ ಪೆಟ್ಟಿಗೆ ಜಿಪುಣ. ಹಿಂದೆ ಎರಡು ಚೌಕದ ಪೋರ್ಟು, ಮುಂದೆ ಒಂದು ಚೌಕದ್ದು ಮತ್ತು ಒಂದು ಟೈಪ್-ಸಿ. ಒಟ್ಟು ನಾಲ್ಕು. ಹಿಂದಿನ ಎರಡಕ್ಕೆ ಕೀಬೋರ್ಡ್ ಮತ್ತು ಮೌಸ್ ಚುಚ್ಚಿದರೆ ಹಿಂಭಾಗ ಮುಗಿಯಿತು. ಪ್ರಿಂಟರ್, ವೆಬ್‌ಕ್ಯಾಮ್, ಬಯೋಮೆಟ್ರಿಕ್ ಸಾಧನ, ಪೆನ್‌ಡ್ರೈವ್ ಎಲ್ಲವೂ ಮುಂದಿನ ಎರಡಕ್ಕಾಗಿ ಜಗಳವಾಡಬೇಕು. ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನಗಳಲ್ಲಿ ಪ್ರಿಂಟರ್ ಮತ್ತು ಸ್ಕ್ಯಾನರ್ ಎರಡೂ ಒಟ್ಟಿಗೆ ಬೇಕಾಗುತ್ತವೆ. ಒಳಗಿನ ಬೋರ್ಡಿನಿಂದ ಇನ್ನೆರಡು ಯುಎಸ್‌ಬಿ 2.0 ಪೋರ್ಟುಗಳನ್ನು ಹೊರತೆಗೆಯುವ ಕೇಬಲ್ ಪ್ರತ್ಯೇಕವಾಗಿ ಸಿಗುತ್ತದೆ. ಕಚೇರಿಗೆ ಕೊಳ್ಳುವುದಾದರೆ ಅದನ್ನು ಪೆಟ್ಟಿಗೆಯ ಜೊತೆಯಲ್ಲೇ ತರಿಸಬೇಕು.

ಪೋರ್ಟುಗಳ ವೇಗದ ಹೆಸರುಗಳಲ್ಲಿ ಒಂದು ಗೊಂದಲವಿದೆ, ಪರೀಕ್ಷೆಗೂ ಅಂಗಡಿಗೂ ಉಪಯೋಗಕ್ಕೆ ಬರುವುದರಿಂದ ಹೇಳುತ್ತೇನೆ. ಯುಎಸ್‌ಬಿ 3.0, ಯುಎಸ್‌ಬಿ 3.1 ಜೆನ್ 1, ಯುಎಸ್‌ಬಿ 3.2 ಜೆನ್ 1, ಈ ಮೂರೂ ಒಂದೇ ವೇಗದ ಮೂರು ಹೆಸರುಗಳು: ಸೆಕೆಂಡಿಗೆ 5 ಗಿಗಾಬಿಟ್. ಹೆಸರು ಬದಲಾಯಿತೇ ಹೊರತು ವೇಗ ಹೆಚ್ಚಲಿಲ್ಲ. ಡಬ್ಬಿಯ ಮೇಲೆ 3.2 ಎಂದು ದೊಡ್ಡದಾಗಿ ಬರೆದದ್ದನ್ನು ಕಂಡು ಮರುಳಾಗಬೇಡಿ, ಪಕ್ಕದ ಜೆನ್ ಸಂಖ್ಯೆ ನೋಡಿ. ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 480 ಮೆಗಾಬಿಟ್. ಬಿಟ್ ಬೇರೆ, ಬೈಟ್ ಬೇರೆ ಎಂಬುದನ್ನು ಮರೆಯದೆ 8ರಿಂದ ಭಾಗಿಸಿದರೆ 60 ಮೆಗಾಬೈಟ್. ಕೀಬೋರ್ಡು ಮೌಸಿಗೆ ಅದು ಬೇಕಾದಷ್ಟಾಯಿತು. ಹಾಗಾಗಿ 2.0 ಪೋರ್ಟನ್ನು ಅವಕ್ಕೆ ಕೊಟ್ಟು, ವೇಗದ ಪೋರ್ಟನ್ನು ಹೊರಗಿನ ಡಿಸ್ಕಿಗೆ ಉಳಿಸಿಕೊಳ್ಳುವುದು ಜಾಣತನ.

ನೆಟ್‌ವರ್ಕ್ ಕೇಬಲ್ಲಿಗೆ ಒಂದು ಗಿಗಾಬಿಟ್ ಪೋರ್ಟ್ ಇದೆ. ಸೆಕೆಂಡಿಗೆ 125 ಮೆಗಾಬೈಟ್, ಕಾಗದದ ಮೇಲೆ. ಕೃಷ್ಣೆಯ ದಂಡೆಯ ಊರುಗಳಿಂದ ಬರುವ ನಿಮಗೆ ಇದನ್ನು ನೀರಿನ ಮಾತಿನಲ್ಲೇ ಹೇಳಬಹುದು. ನದಿಯಲ್ಲಿ ನೀರೆಷ್ಟೇ ಇರಲಿ, ಹೊಲಕ್ಕೆ ಎಳೆದ ಪೈಪು ಎರಡು ಇಂಚಿನದಾದರೆ ಕಬ್ಬಿಗೆ ಸಿಗುವುದು ಎರಡು ಇಂಚಿನ ನೀರೇ. ಪ್ರಯೋಗಾಲಯದ ಮೂಲೆಯಲ್ಲಿರುವ ಸ್ವಿಚ್ 100 ಮೆಗಾಬಿಟ್‌ನದಾಗಿದ್ದರೆ ಎಲ್ಲ ಯಂತ್ರಗಳೂ ಅದರ ವೇಗಕ್ಕೇ ಇಳಿಯುತ್ತವೆ. ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಇದೆ. ಕೇಬಲ್ಲಿನೊಳಗೆ ಎಂಟು ತಂತಿಗಳಿರುತ್ತವೆ. 100 ಮೆಗಾಬಿಟ್‌ಗೆ ಅದರಲ್ಲಿ ನಾಲ್ಕೇ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹಳೆಯ ವೈರಿಂಗಿನಲ್ಲಿ ಕೆಲವರು ನಾಲ್ಕನ್ನೇ ಕ್ರಿಂಪ್ ಮಾಡಿ ಬಿಟ್ಟಿರುತ್ತಾರೆ. ಹೊಸ ಯಂತ್ರ ತಂದು "ನೆಟ್ ಹಂಗ ಐತಿ" ಎನ್ನುವ ಮೊದಲು ಕನೆಕ್ಟರಿನ ಪಾರದರ್ಶಕ ಮೂತಿಯನ್ನು ಬೆಳಕಿಗೆ ಹಿಡಿದು ತಂತಿ ಎಣಿಸಿ.

ವೈಫೈ ಈ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಅದರ ಜಾಗ ಮಾತ್ರ ಬರುತ್ತದೆ. ಎಂ.2 ಎಂಬ ಚಿಕ್ಕ ಸ್ಲಾಟಿನಲ್ಲಿ ಕಾರ್ಡು ಕೂರಿಸಿ, ಆಂಟೆನಾದ ತಂತಿಗಳನ್ನು ಹೊರಗೆ ತರಬೇಕು. ಕಡಿಮೆ ಬೆಲೆಯ ಯುಎಸ್‌ಬಿ ಡಾಂಗಲ್ ಹಾಕಿದರೂ ನಡೆಯುತ್ತದೆ, ಆದರೆ ಇರುವ ನಾಲ್ಕು ಪೋರ್ಟುಗಳಲ್ಲಿ ಒಂದು ಹೋಯಿತು.

ಇನ್ನು ಎತ್ತುಗಳ ಆಯ್ಕೆ. ಎಕ್ಸ್300ರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಸ್ಲಾಟ್ ಇಲ್ಲ ಎಂದೆನಲ್ಲ. ಹಾಗಾಗಿ ಚಿತ್ರ ಕೊಡುವ ಶಕ್ತಿ ಪ್ರೊಸೆಸರಿನೊಳಗೇ ಇರಬೇಕು. ರೈಜೆನ್ 5 5600ಜಿ ಮತ್ತು ರೈಜೆನ್ 5 5600 ಎಂಬ ಎರಡು ಚಿಪ್‌ಗಳಿವೆ. ಕೊನೆಯ ಆ ಜಿ ಅಕ್ಷರ ಇರುವುದರಲ್ಲಿ ಗ್ರಾಫಿಕ್ಸ್ ಇದೆ, ಇಲ್ಲದ್ದರಲ್ಲಿ ಇಲ್ಲ. ಎರಡನೆಯದನ್ನು ತಂದು ಕೂರಿಸಿದರೆ ಮೂರೂ ಪೋರ್ಟುಗಳಿದ್ದೂ ಪರದೆ ಕಪ್ಪಗೇ ಇರುತ್ತದೆ. ಒಂದೇ ಅಕ್ಷರದ ವ್ಯತ್ಯಾಸ! ಜೊತೆಗೆ, 65 ವ್ಯಾಟ್‌ಗಿಂತ ಹೆಚ್ಚಿನ ದರ್ಜೆಯ ಪ್ರೊಸೆಸರಿಗೆ ಇಲ್ಲಿ ಎಡೆಯಿಲ್ಲ.

ರ‍್ಯಾಮ್ ಕೂಡ ಸಾಮಾನ್ಯ ಡೆಸ್ಕ್‌ಟಾಪಿನದ್ದು ಹೊಂದುವುದಿಲ್ಲ. ಲ್ಯಾಪ್‌ಟಾಪಿಗೆ ಹಾಕುವ ಮೋಟು ಕಡ್ಡಿ, ಎಸ್‌ಒ-ಡಿಮ್ ಎನ್ನುವುದು, ಅದೂ ಡಿಡಿಆರ್4 ಬಗೆಯದ್ದೇ ಆಗಬೇಕು. ಎರಡು ಸ್ಲಾಟುಗಳಿವೆ, ಒಟ್ಟು 64 ಗಿಗಾಬೈಟ್‌ವರೆಗೆ ಹಾಕಬಹುದು. ನಮ್ಮ ಪೈಥಾನ್ ಪಾಠಕ್ಕೆ 8 ಸಾಕು, 16 ಇದ್ದರೆ ಧಾರಾಳ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿದೆ. ಮನೆಯಲ್ಲಿ ಪರದೆ ಒಡೆದು ಮೂಲೆ ಸೇರಿದ ಲ್ಯಾಪ್‌ಟಾಪ್ ಇದ್ದರೆ, ಅದರ ಕಡ್ಡಿಯ ಮೇಲೆ ಡಿಡಿಆರ್4 ಎಂದಿದೆಯೇ ನೋಡಿ. ಬೇರ್‌ಬೋನ್ ಕೊಳ್ಳುವವನಿಗೆ ಅದು ಕೈಯಲ್ಲಿರುವ ಕಾಸು.

ಕರೆಂಟಿನ ಲೆಕ್ಕ ನನಗೆ ಇಷ್ಟವಾದ ಭಾಗ. ಈ ಪೆಟ್ಟಿಗೆಯೊಳಗೆ ಪವರ್ ಸಪ್ಲೈ ಇಲ್ಲ. ಲ್ಯಾಪ್‌ಟಾಪಿನಂತೆ ಹೊರಗೆ ಒಂದು ಅಡಾಪ್ಟರ್, 19 ವೋಲ್ಟ್, 120 ವ್ಯಾಟ್. ಭೌತಶಾಸ್ತ್ರದ ಸೂತ್ರ ನೆನಪಿದ್ದರೆ ಆಂಪಿಯರ್ ನೀವೇ ಕಂಡುಹಿಡಿಯಬಹುದು: 120 ಭಾಗಿಸು 19, ಸುಮಾರು 6.3. ಮನೆಯಲ್ಲಿರುವ ಲ್ಯಾಪ್‌ಟಾಪ್ ಅಡಾಪ್ಟರಿನ ಚೀಟಿಯಲ್ಲಿ 19 ವೋಲ್ಟ್, 3.42 ಆಂಪಿಯರ್ ಎಂದಿದ್ದರೆ ಅದು 65 ವ್ಯಾಟಿನದು. ಪಿನ್ನು ಹೊಂದಿದರೂ ಇದಕ್ಕೆ ಹಾಕಬಾರದು, ಯಂತ್ರದ ಮೇಲೆ ಹೊರೆ ಬಿದ್ದಾಗ ಅದು ತಡೆಯುವುದಿಲ್ಲ. 120 ವ್ಯಾಟ್ ಎನ್ನುವುದು ಗರಿಷ್ಠ ಮಿತಿ, ಯಂತ್ರ ಸದಾ ಅಷ್ಟು ಎಳೆಯುತ್ತದೆ ಎಂದಲ್ಲ. ಟೈಪಿಂಗ್, ಬ್ರೌಸಿಂಗ್‌ನಂಥ ಹಗುರ ಕೆಲಸದಲ್ಲಿ ಅದರ ಸಣ್ಣ ಪಾಲು ಸಾಕು.

ಸಾಮಾನ್ಯ ಯುಪಿಎಸ್ ಒಂದರಲ್ಲಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವ್ಯಾಟ್-ಅವರ್. ಮಾನಿಟರ್ ಸೇರಿ 50 ವ್ಯಾಟ್ ಎಳೆದರೆ ಲೆಕ್ಕದಲ್ಲಿ ಒಂದೂವರೆ ತಾಸಿಗಿಂತ ಹೆಚ್ಚು ಬರಬೇಕು. ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ, ಏಕೆಂದರೆ ಬ್ಯಾಟರಿಯನ್ನು ಬೇಗ ಬೇಗ ಬಸಿದರೆ ಪೂರ್ತಿ ಕೊಡುವುದಿಲ್ಲ, ಡಿಸಿಯನ್ನು ಎಸಿ ಮಾಡುವಲ್ಲಿ ಒಂದಿಷ್ಟು ಶಾಖವಾಗಿ ಹೋಗುತ್ತದೆ, ಹಳೆಯ ಬ್ಯಾಟರಿಯ ಮಾತಂತೂ ಬೇಡ. ಆದರೂ ದೊಡ್ಡ ಟವರಿಗಿಂತ ಇದು ಹೆಚ್ಚು ಹೊತ್ತು ನಿಲ್ಲುತ್ತದೆ. ಪ್ರಾಯೋಗಿಕ ಪರೀಕ್ಷೆಯ ನಡುವೆ ಕರೆಂಟು ಹೋದಾಗ ಆ ಕೆಲವು ನಿಮಿಷಗಳ ಬೆಲೆ ನಿಮಗೇ ಗೊತ್ತು.

ವಿನ್ಯಾಸದಲ್ಲಿ ನನ್ನ ಅನುಮಾನ ಇರುವುದು ಗಾಳಿ ಮತ್ತು ಧೂಳಿನ ಬಗ್ಗೆ. ಪ್ರೊಸೆಸರಿನ ಮೇಲೆ ಕೂರುವ ಕೂಲರ್ 46 ಮಿ.ಮೀ.ಗಿಂತ ಎತ್ತರ ಇರುವಂತಿಲ್ಲ. ಫ್ಯಾನು ಚಿಕ್ಕದಾದಷ್ಟೂ ಅಷ್ಟೇ ಗಾಳಿಗೆ ಹೆಚ್ಚು ವೇಗದಲ್ಲಿ ತಿರುಗಬೇಕು, ಸದ್ದು ಮಾಡಬೇಕು. ಹವಾನಿಯಂತ್ರಿತ ಕೋಣೆಯಲ್ಲಿ ಇದೊಂದು ವಿಷಯವೇ ಅಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಅಥಣಿ, ಕಾಗವಾಡದ ಬಿಸಿಲು 40 ಡಿಗ್ರಿ ಮುಟ್ಟಿದಾಗ ವಿಷಯ ಬೇರೆ. ಕಬ್ಬಿನ ಹಂಗಾಮಿನಲ್ಲಿ ಹೊಲದ ರವದಿಗೆ ಬೆಂಕಿ ಇಟ್ಟರೆ ಕರಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತದೆ, ಕಿಟಕಿಯೊಳಗೂ ಬರುತ್ತದೆ. ನಿಪ್ಪಾಣಿಯಲ್ಲಿ ತಂಬಾಕಿನ ಸಣ್ಣ ಪುಡಿ ಗಾಳಿಯಲ್ಲೇ ಇರುತ್ತದೆ. ಗಾಳಿಯ ಕಿಂಡಿಗಳು ಹತ್ತಿರ ಹತ್ತಿರವಿರುವ ಚಿಕ್ಕ ಪೆಟ್ಟಿಗೆಯಲ್ಲಿ ಇವು ಬೇಗ ಕಟ್ಟಿಕೊಳ್ಳುತ್ತವೆ. ಮಾನಿಟರಿನ ಬೆನ್ನಿಗೆ ತೂಗುಹಾಕಿದರೆ ನೆಲದ ಧೂಳಿನಿಂದ ಸ್ವಲ್ಪ ಪಾರಾಗಬಹುದು. ಇಷ್ಟಾದರೂ ಹಂಗಾಮಿಗೊಮ್ಮೆ ಬಿಚ್ಚಿ ಬ್ರಷ್ ಆಡಿಸುವುದು ತಪ್ಪುವುದಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ದುರಸ್ತಿಯದು. ಟವರಿನ ಪವರ್ ಸಪ್ಲೈ ಹೋದರೆ ನಿಪ್ಪಾಣಿಯಲ್ಲೋ ಚಿಕ್ಕೋಡಿಯಲ್ಲೋ ಸಂಜೆಯೊಳಗೆ ಬೇರೆ ಸಿಗುತ್ತದೆ. ಅಲ್ಲಿ ಸಿಗದಿದ್ದರೆ ಕೊಲ್ಲಾಪುರ, ಮೀರಜ್, ಸಾಂಗ್ಲಿ, ಬೆಳಗಾವಿ ಇವೆ. ಮದರ್‌ಬೋರ್ಡು ಹೋದರೂ ಅದೇ ಕ್ಯಾಬಿನೆಟ್ಟಿಗೆ ಬೇರೆ ಕಂಪನಿಯ ಬೋರ್ಡು ಕೂರುತ್ತದೆ, ಏಕೆಂದರೆ ಅಳತೆ ಎಲ್ಲರದ್ದೂ ಒಂದೇ. ಮಿನಿ-ಎಸ್‌ಟಿಎಕ್ಸ್ ಬೋರ್ಡನ್ನು ಬಿಡಿಯಾಗಿ ಇಟ್ಟು ಮಾರುವ ಅಂಗಡಿಯನ್ನು ನಮ್ಮ ಭಾಗದಲ್ಲಿ ನಾನು ಕಂಡಿಲ್ಲ. ಬೋರ್ಡು ಕೆಟ್ಟರೆ ಪೆಟ್ಟಿಗೆಯನ್ನೇ ದೂರದ ಸೇವಾ ಕೇಂದ್ರಕ್ಕೆ ಕಳಿಸಿ ಕಾಯಬೇಕು. ಮನೆಯಲ್ಲಿ ಕಾಯಬಹುದು, ಪ್ರಾಯೋಗಿಕ ಪರೀಕ್ಷೆಯ ವಾರದಲ್ಲಿ ಪ್ರಯೋಗಾಲಯ ಕಾಯಲಾರದು.

ಹೀಗಾಗಿ ನನ್ನ ತೀರ್ಪು ಜಾಗದಿಂದ ಜಾಗಕ್ಕೆ ಬೇರೆ. ಪ್ರೊಜೆಕ್ಟರ್ ಇರುವ ತರಗತಿ ಕೋಣೆಗೆ ಮತ್ತು ಗ್ರಂಥಾಲಯದ ಮೇಜಿಗೆ ಈ ಪೆಟ್ಟಿಗೆ ಚೆನ್ನಾಗಿ ಹೊಂದುತ್ತದೆ: ವಿಜಿಎ ಇದೆ, ಕರೆಂಟು ಕಡಿಮೆ, ಜಾಗ ಕಡಿಮೆ. ಕಚೇರಿಗೂ ಆಗಬಹುದು, ಹೆಚ್ಚುವರಿ ಯುಎಸ್‌ಬಿ ಕೇಬಲ್ ಜೊತೆಗಿದ್ದರೆ. ಇಪ್ಪತ್ತು ಯಂತ್ರಗಳ ಪ್ರಯೋಗಾಲಯಕ್ಕೆ ಮಾತ್ರ ನಾನು ಸಾಮಾನ್ಯ ಟವರನ್ನೇ ಕೇಳುತ್ತೇನೆ. ಚಿಕ್ಕದನ್ನೇ ಕೊಳ್ಳುವುದಾದರೆ ಎರಡು ಪೆಟ್ಟಿಗೆ ಹೆಚ್ಚಿಗೆ ತಂದು ಬೀರುವಿನಲ್ಲಿಡಬೇಕು, ಆ ಖರ್ಚನ್ನೂ ಸೇರಿಸಿಯೇ ಬೆಲೆ ಹೋಲಿಸಬೇಕು.

ಬಿಸಿಎ ಸೇರುವ ಮಕ್ಕಳ ಪೋಷಕರಿಗೆ ಬೇರೆ ಮಾತು. ಮಾನಿಟರ್, ಕೀಬೋರ್ಡ್, ಯುಪಿಎಸ್ ಎಲ್ಲ ಕೂಡಿಸಿದರೆ ಬೇರ್‌ಬೋನ್ ಅಗ್ಗವಲ್ಲ. ಮಗನೋ ಮಗಳೋ ಹಾಸ್ಟೆಲಿನಲ್ಲಿ ಇರುವವರಾದರೆ, ಮನೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿದ್ದರೆ, ಬ್ಯಾಟರಿ ಒಳಗೇ ಇರುವ ಲ್ಯಾಪ್‌ಟಾಪ್ ಮೇಲು. ಮನೆಯಲ್ಲಿ ಮಾನಿಟರ್ ಆಗಲೇ ಇದ್ದು, ಬಿಚ್ಚಿ ಜೋಡಿಸಿ ಕಲಿಯುವ ಆಸೆ ಇರುವ ಮಗುವಿಗೆ ಮಾತ್ರ ಬೇರ್‌ಬೋನ್ ಕೊಡಿಸಿ. ಪ್ರೊಸೆಸರ್ ಕೂರಿಸುವಾಗ ಮೂಲೆಯ ಆ ಚಿಕ್ಕ ತ್ರಿಕೋನ ಗುರುತನ್ನು ಹೊಂದಿಸುವ ಅನುಭವ ಯಾವ ಪುಸ್ತಕದಿಂದಲೂ ಬರುವುದಿಲ್ಲ.

ನಮ್ಮ ರಾಜ್ಯದ್ದೇ ಒಂದು ಚಿಕ್ಕ ಯಂತ್ರವೂ ಈಗ ಸುದ್ದಿಯಲ್ಲಿದೆ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕಿಯೋನಿಕ್ಸ್ ಸಂಸ್ಥೆ ಕಿಯೋ ಎಂಬ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಆಗ ಹೇಳಿದ ಬೆಲೆ 18,999 ರೂಪಾಯಿ. ಅದು ಬೇರ್‌ಬೋನ್ ಅಲ್ಲ, ಪ್ರೊಸೆಸರ್ ಒಳಗೇ ಇರುವ ಸಿದ್ಧ ಯಂತ್ರ. ಆ ಪ್ರೊಸೆಸರ್ ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ್ದು, ನಡೆಯುವುದು ಲಿನಕ್ಸ್‌ನಲ್ಲಿ. ಸಂಪರ್ಕಕ್ಕೆ 4ಜಿ, ವೈಫೈ, ಈಥರ್ನೆಟ್, ಯುಎಸ್‌ಬಿ, ಎಚ್‌ಡಿಎಂಐ ಇವೆ ಎಂದು ಪ್ರಕಟಿಸಿದ್ದಾರೆ. 4ಜಿ ಇರುವುದು ಹಳ್ಳಿಯ ಶಾಲೆಗಳಿಗೆ ದೊಡ್ಡ ಅನುಕೂಲ. ಅದನ್ನೂ ಇದೇ ರೀತಿ ಒರೆಗೆ ಹಚ್ಚಬೇಕು: ಪಟ್ಟಿಯಲ್ಲಿ ಕಾಣುವುದು ಎಚ್‌ಡಿಎಂಐ, ನಮ್ಮಲ್ಲಿರುವ ಮಾನಿಟರ್ ಯಾವುದು? ವಿಂಡೋಸ್‌ಗೆಂದು ಮಾಡಿದ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ, ಹಾಗಾದರೆ ಕಚೇರಿಯ ಯಾವ ಯಾವ ಕೆಲಸ ನಿಲ್ಲುತ್ತದೆ? ಯೂನಿಕೋಡ್‌ನಲ್ಲಿ ಕನ್ನಡವನ್ನೂ ಉರ್ದುವನ್ನೂ ಟೈಪ್ ಮಾಡಲು ಲಿನಕ್ಸ್‌ನಲ್ಲಿ ಅಡ್ಡಿಯಿಲ್ಲ. ಪೈಥಾನ್ ಕಲಿಯಲೂ ಅಡ್ಡಿಯಿಲ್ಲ.

ಮುಂದಿನ ಪ್ರಾಯೋಗಿಕ ತರಗತಿಗೆ ಬರುವಾಗ ಒಂದು ಕೆಲಸ ಮಾಡಿಕೊಂಡು ಬನ್ನಿ. ಪ್ರಯೋಗಾಲಯದಲ್ಲಿ ನೀವು ಕೂರುವ ಯಂತ್ರದ ಬೆನ್ನಿನ ಚಿತ್ರವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಿರಿ. ಪ್ರತಿ ಪೋರ್ಟಿಗೂ ಹೆಸರು ಕೊಡಿ, ಕಳೆದ ಒಂದು ವಾರದಲ್ಲಿ ಅದಕ್ಕೆ ಏನು ಚುಚ್ಚಿದ್ದೀರಿ ಎಂದು ಪಕ್ಕದಲ್ಲಿ ಬರೆಯಿರಿ. ಎಂದೂ ಬಳಸದ ಪೋರ್ಟುಗಳಿಗೆ ಅಡ್ಡಗೆರೆ ಹಾಕಿ. ಯುಪಿಎಸ್‌ನ ಹಿಂಬದಿಯ ಚೀಟಿಯನ್ನೂ ಓದಿ ಬರೆದುಕೊಳ್ಳಿ. ಹೊಸ ಯಂತ್ರಗಳಿಗೆ ಬೇಡಿಕೆ ಪಟ್ಟಿ ಬರೆಯುವಾಗ ಆ ಪುಟಗಳನ್ನೇ ಮುಂದಿಟ್ಟುಕೊಳ್ಳುತ್ತೇನೆ.